ನಲವತ್ತಾರು ಗುಂಡುಪಿನ್ನುಗಳು

ಬೆಟ್ಟದ ನೆತ್ತಿಯ ಹುಲ್ಲುಬಯಲನ್ನು ದಾಟಬೇಕು. ಆಚೆ ಬದಿಯ ಸರೋವರದ ದಂಡೆಯಲ್ಲಿ ಡೇರೆ ಹಾಕಬೇಕು. ಮೂರನೆಯ ದಿನ ಸಂಜೆಯ ಬಸ್ಸು ಹೊರಡುವುದರೊಳಗೆ ಕೆಳಗಿನ ರಸ್ತೆ ಸೇರಬೇಕು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿ, ಮೂಲೆಗಳಿಗೆ ಇಸ್ತ್ರಿಪೆಟ್ಟಿಗೆ, ಕತ್ತರಿ, ಅಳತೆಪಟ್ಟಿಗಳನ್ನು ಹೇರಿ, ಟೈಲರ್ ಇದನ್ನು ಮೂರನೆಯ ಸಲ ವಿವರಿಸುತ್ತಿದ್ದ.

"ಗೊತ್ತಾಯ್ತು ಕಣೋ," ಎಂದಳು ಅಕ್ಕ. "ಇನ್ನೊಂದ್ಸಲ ಹೇಳಿದ್ರೆ ನಿದ್ದೇಲೂ ಇದನ್ನೇ ಕನವರಿಸ್ತೀನಿ."

"ಈ ಸಲ ನೀರು ಸಾಲುತ್ತೋ ಇಲ್ವೋ, ಅದನ್ನೂ ಈಗಲೇ ಹೇಳಿಬಿಡು," ಎಂದ ಭಾವ, ಮಗ್ಗುಲಲ್ಲಿದ್ದ ಹೊಲಿಗೆ ಯಂತ್ರಕ್ಕೆ ಒರಗಿ.

ಟೈಲರ್ ಕಿವಿ ಕೆಂಪಾಯಿತು. ಭಾವ ಮಾರ್ಚ್ ತಿಂಗಳನ್ನು ಕೆದಕುತ್ತಿದ್ದ.

ಇಪ್ಪತ್ತಾರು ವರ್ಷ ಅದೇ ಮೇಜಿನ ಮುಂದೆ ನಿಂತವನು ಟೈಲರ್. ನಲವತ್ತೆಂಟು ತುಂಬಿದ ದಿನ ತನ್ನ ಸೊಂಟವನ್ನು ತಾನೇ ಅಳೆದು, ಟೇಪು ತೋರಿಸಿದ್ದನ್ನು ನಂಬದೆ ಹೊಸ ಟೇಪು ತರಿಸಿದ್ದ. ಅದೂ ಅಷ್ಟೇ ತೋರಿಸಿತು. ಅಂದೇ ಲೆಕ್ಕ ಹಾಕಿದ: ವರ್ಷಪೂರ್ತಿ, ತಿಂಗಳಿಗೊಂದು ದೂರದ ನಡಿಗೆ, ರಾತ್ರಿ ಬಯಲಲ್ಲೇ ವಾಸ. ಜನವರಿಯಲ್ಲಿ ಹನ್ನೆರಡು ಕಿಲೋಮೀಟರಿಗೆ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದವು. ಜೂನ್‌ನಲ್ಲಿ, ಅವನೇ ಹೊಲಿದ ಡೇರೆ ಹೊಲಿಗೆಗಳಲ್ಲೆಲ್ಲ ಸೋರಿ ಬೆಳಗಾಗುವಷ್ಟರಲ್ಲಿ ಮೂವರೂ ನೆನೆಹಾಕಿದ ಬಟ್ಟೆಯಂತಾಗಿದ್ದರು. ಸೆಪ್ಟೆಂಬರ್ ಹೊತ್ತಿಗೆ ಬೆನ್ನಮೇಲೆ ಹನ್ನೊಂದು ಕಿಲೋ ಹೊತ್ತು ಒಂದೇ ದಿನ ಇಪ್ಪತ್ತೆಂಟು ಕಿಲೋಮೀಟರ್ ನಡೆದಿದ್ದ. ಆದರೆ ಮಾರ್ಚ್‌ನಲ್ಲಿ, ಎಳೆಬಿಸಿಲಿನ ಒಳ್ಳೆಯ ದಿನ, ಇದೇ ಹುಲ್ಲುಬಯಲಿನ ಅಂಚಿಗೆ ಬಂದು, ನೀರು ಸಾಲದಿದ್ದರೆ ಎಂಬ ಅನುಮಾನಕ್ಕೆ ಎಲ್ಲರನ್ನೂ ವಾಪಸ್ ಕರೆತಂದಿದ್ದ. ಮನೆಗೆ ಬಂದು ನೋಡಿದರೆ ನಾಲ್ಕು ಬಾಟಲಿ ನೀರು ಹಾಗೇ ಇತ್ತು. ನೀರಿಗೆ ಬೆಟ್ಟ ತೋರಿಸಿಕೊಂಡು ಬಂದೆವು ಎಂದು ಭಾವ ಬಸ್ ಡಿಪೋದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ಭಾವ ಅಲ್ಲಿ ಡ್ರೈವರ್.

ಅಂಗಡಿಯ ಬಾಗಿಲ ಹಿಂದೆ ಒಂದು ಕ್ಯಾನ್ವಾಸ್ ಪಟ್ಟಿ ನೇತಾಡುತ್ತಿತ್ತು. ನಡಿಗೆ ಮುಗಿಸಿದಾಗಲೆಲ್ಲ ಅದಕ್ಕೊಂದು ಗುಂಡಿ ಹೊಲಿಯುತ್ತಿದ್ದ. ಮೂರನೆಯ ಜಾಗ ಖಾಲಿ. ಈ ಡಿಸೆಂಬರ್ ನಡಿಗೆಯಲ್ಲಿ ಅದಕ್ಕೂ ಗುಂಡಿ ಸಿಗಬಹುದು. ಆದರೆ ಅವನನ್ನು ಕೊರೆಯುತ್ತಿದ್ದುದು ಗುಂಡಿಯಲ್ಲ. ಮುಂದಿನ ತಿಂಗಳು ಅಕ್ಕನ ಮೊಣಕಾಲಿಗೆ ಆಪರೇಷನ್. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಓಡಾಡಿದ ನರ್ಸು ಅವಳು. ಆಮೇಲೆ ಇಂಥ ನಡಿಗೆ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಸರೋವರ ನೋಡಬೇಕೆಂದು ಮಾರ್ಚ್‌ನಲ್ಲಿ ಹಟ ಹಿಡಿದವಳೂ, ಹಿಂತಿರುಗುವಾಗ ಒಂದು ಮಾತೂ ಆಡದವಳೂ ಅವಳೇ. ಇನ್ನೊಂದು ಸಲ ಹಿಂತಿರುಗಿದರೆ ಅವಳಿಗೆ ಆ ನೀರು ಕಾಣುವುದಿಲ್ಲ.

ನಕ್ಷೆಯ ಮೇಲೆ ಬಯಲಿನ ದಾರಿಯುದ್ದಕ್ಕೂ ದಾರ ಇಟ್ಟು ಕತ್ತರಿಸಿ, ಅಳತೆಪಟ್ಟಿಗೆ ಹಿಡಿದು, ಹೆಜ್ಜೆ ಲೆಕ್ಕ ಹಾಕಿದ. ಬಯಲಿನ ಈಚೆ ಅಂಚಿನ ಬಿಳಿ ಬಂಡೆಯಿಂದ ಸರೋವರಕ್ಕೆ ಇಳಿಯುವ ದಾರಿಯ ಬಾಯಿಗೆ ನಾಲ್ಕು ಸಾವಿರದ ಆರುನೂರು ಹೆಜ್ಜೆ. ನೂರು ಹೆಜ್ಜೆಗೆ ಒಂದರಂತೆ ನಲವತ್ತಾರು ಗುಂಡುಪಿನ್ನನ್ನು ಮಣಿಕಟ್ಟಿನ ಪಿನ್‌ದಿಂಬಿಗೆ ಚುಚ್ಚಿಕೊಂಡ. ಬಾಗಿಲಿಗೆ 'ಮೂರು ದಿನ ಅಂಗಡಿ ಇಲ್ಲ' ಎಂಬ ಹಲಗೆ ನೇತುಹಾಕಿದ. ಯಾಕೆಂದು ಬರೆಯಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಗಿರಾಕಿಗಳು ಕೇಳಿದಾಗಲೆಲ್ಲ "ಸ್ವಲ್ಪ ಕೆಲ್ಸ ಇತ್ತು" ಎನ್ನುವುದೇ ಅವನ ರೂಢಿ. ಈ ವಯಸ್ಸಿನಲ್ಲಿ ಡೇರೆ ಹೊತ್ತು ತಿರುಗುತ್ತಾನೆ ಎಂದರೆ ನಕ್ಕಾರು ಎಂಬ ಅಳುಕು.

ಮೊದಲ ದಿನ ಏರುದಾರಿ. ಪೈನ್ ಮರಗಳ ಕೆಳಗೆ ಸೂಜಿಯಂಥ ಒಣ ಎಲೆಗಳ ಹಾಸು, ಕಾಲಿಟ್ಟರೆ ಸದ್ದೇ ಇಲ್ಲ. ಮರಗಳು ಗಿಡ್ಡವಾಗುತ್ತಾ ಪೊದೆಗಳಾದವು, ಪೊದೆಗಳು ಹುಲ್ಲಾದವು. ಬಯಲಿನ ಅಂಚಿನ ತಗ್ಗಿನಲ್ಲಿ, ಜೂನ್ ನಂತರ ಹೊಲಿಗೆಗಳಿಗೆಲ್ಲ ಮೇಣ ತಿಕ್ಕಿದ ಡೇರೆ ಎದ್ದಿತು. ಭಾವ ಒಳಗೆ ಹೋಗಿ ಒಂದೊಂದು ಹೊಲಿಗೆಗೂ ಬೆರಳು ಒತ್ತಿ ನೋಡಿ, "ಬಸ್ಸಿನ ಚಾವಣಿಗಿಂತ ಪರವಾಗಿಲ್ಲ," ಎಂದ.

ಬೆಳಿಗ್ಗೆ ಎದ್ದು ನೋಡಿದರೆ ಮಂಜು. ಡೇರೆಯಿಂದ ಹತ್ತು ಮಾರು ದೂರದ ಬಿಳಿ ಬಂಡೆಯೂ ಮಸುಕು.

ಟೈಲರ್ ಬಾಯಿಯವರೆಗೆ ಬಂತು, ವಾಪಸ್ ಹೋಗೋಣವೇ ಎಂದು. ಅಕ್ಕ ಮೊಣಕಾಲಿಗೆ ಬಿಗಿಪಟ್ಟಿ ಸುತ್ತಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಮಾತು ನುಂಗಿಕೊಂಡ.

"ದಿಕ್ಸೂಚಿ ಭಾವನ ಕೈಲಿ. ಅಕ್ಕ ಮಧ್ಯೆ. ನಾನು ಎಣಿಸ್ತೀನಿ. ಯಾರೂ ನನ್ನ ಮಾತಾಡಿಸಬೇಡಿ."

"ಮಾತಾಡಿಸದೆ ಇರಕ್ಕೆ ಏನು ಕೊಡ್ತೀಯ?" ಎಂದ ಭಾವ.

"ರೀ, ಸುಮ್ನೆ ನಡೀರಿ," ಎಂದಳು ಅಕ್ಕ.

ನೂರು ಹೆಜ್ಜೆ, ಒಂದು ಪಿನ್ನು. ಪಿನ್ನು ದಿಂಬಿನಿಂದ ಅಂಗಿಯ ಎದೆಪಟ್ಟಿಗೆ. ಮಂಜಿನಲ್ಲಿ ಹುಲ್ಲು, ಹುಲ್ಲಿನ ಮೇಲೆ ಮಂಜು, ಬೇರೇನೂ ಇಲ್ಲ. ತಾವು ನಡೆಯುತ್ತಿದ್ದೇವೋ, ನಿಂತಲ್ಲೇ ಕಾಲಾಡಿಸುತ್ತಿದ್ದೇವೋ ಎನಿಸುವಂಥ ಬಿಳುಪು. ಇಪ್ಪತ್ತನೆಯ ಪಿನ್ನಿಗೆ ಅಕ್ಕನ ಕೋಲಿನ ಸದ್ದು ನಿಧಾನವಾಯಿತು. ಮೂವತ್ತೆಂಟಕ್ಕೆ ಅವಳ ಉಸಿರು ಕೇಳತೊಡಗಿತು. ನಲವತ್ತೈದು.

"ಇನ್ನೊಂದೇ ಪಿನ್ನು," ಎಂದ ಟೈಲರ್.

ಆಗಲೇ ಗಾಳಿ ಬೀಸಿತು. ಎದುರಿನಿಂದಲ್ಲ, ಕಾಲ ಕೆಳಗಿನಿಂದ.

"ಭಾವ, ನಿಲ್ಲಿ!"

ಭಾವ ಆಗಲೇ ಮುಂದಿನ ಹೆಜ್ಜೆ ಎತ್ತಿದ್ದ. ಹುಲ್ಲಿನ ಹೆಂಟೆ ಕುಸಿಯಿತು. ಒಂದು ಕಾಲು ಮಾಯವಾಯಿತು. ಮೈಯೆಲ್ಲ ಮುಂದಕ್ಕೆ ವಾಲಿತು.

ಟೈಲರ್ ಅಕ್ಕನನ್ನು ದಾಟಿ ಮುಂದಕ್ಕೆ ಹಾರಿ ಬಿದ್ದು, ಸಿಕ್ಕಿದ್ದನ್ನು ಹಿಡಿದ. ಭಾವನ ಬೆನ್ನುಚೀಲದ ಪಟ್ಟಿ ಸಿಕ್ಕಿತು. ಹಿಂದಿನಿಂದ ಅಕ್ಕ ತಮ್ಮನ ಬೆಲ್ಟು ಹಿಡಿದು ಕೂತೇಬಿಟ್ಟಳು.

"ಕೈ ಬಿಡ್ಬೇಡ ಕಣೋ!"

"ಬಿಡಲ್ಲ! ಭಾವ, ಮೊಣಕೈ ಊರಿ! ಮೊಣಕೈ!"

ಪಟ್ಟಿ ಕಿರುಗುಟ್ಟಿತು. ಹರಿಯಲಿಲ್ಲ. ಒಂದೊಂದೇ ಗೇಣು ಹಿಂದಕ್ಕೆ ಎಳೆದು, ಮೂವರೂ ಹುಲ್ಲಿನ ಮೇಲೆ ಬಿದ್ದುಕೊಂಡರು. ಉದುರಿದ ಕಲ್ಲೊಂದು ಕೆಳಗೆಲ್ಲೋ ತಾಗಿದ ಸದ್ದು ಬಹಳ ತಡವಾಗಿ ಬಂತು.

ಭಾವ ಎದ್ದು ಕೂತು, ತನ್ನ ಚೀಲದ ಪಟ್ಟಿಯ ಹೊಲಿಗೆಯನ್ನು ಬೆರಳಲ್ಲಿ ಸವರಿದ.

"ನೀನು ಈ ಪಟ್ಟೀನ ಮೂರು ಸಲ ಬಿಚ್ಚಿ ಹೊಲಿದಾಗ ನಾನು ಆಡ್ಕೊಂಡಿದ್ದೆ," ಎಂದ. "ವಾಪಸ್ ತಗೊಂಡೆ ಆ ಮಾತು."

ಟೈಲರ್‌ಗೆ ಅದು ಕೇಳಿಸಲೇ ಇಲ್ಲ. ಅವನ ಲೆಕ್ಕ ತಪ್ಪಿತ್ತು. ಅವನ ಲೆಕ್ಕಕ್ಕೆ ಒಬ್ಬ ಮನುಷ್ಯ ಪ್ರಪಾತಕ್ಕೆ ಕಾಲಿಟ್ಟಿದ್ದ. ಈಗ ಬಂದ ದಾರಿಯಲ್ಲೇ ತಿರುಗಿ ನಡೆದರೆ ಬಿಳಿ ಬಂಡೆ. ಅದು ಖಂಡಿತ. ಮನೆ ಸೇರುತ್ತಾರೆ. ಅಕ್ಕ ಈ ಸಲವೂ ಒಂದು ಮಾತೂ ಆಡುವುದಿಲ್ಲ.

ಅವನು ಕಣ್ಣು ಮುಚ್ಚಿ ಆ ಸಂಜೆಯ ಮೇಜನ್ನು ನೆನಪಿಸಿಕೊಂಡ. ಎಣಿಕೆ ತಪ್ಪಿಲ್ಲ, ಪಿನ್ನುಗಳು ಎದೆಯ ಮೇಲೇ ಇವೆ. ಅಳತೆಪಟ್ಟಿಯೂ ಸರಿ. ದಾರ? ದಾರವನ್ನು ದಾರಿಯ ಮೇಲೆ ಇಟ್ಟ, ಬಾಯಿಯ ಗುರುತಿನ ಹತ್ತಿರ ಬೆರಳೊತ್ತಿ ಹಿಡಿದ, ಕತ್ತರಿ ಹಾಕಿದ. ಎಲ್ಲಿ ಹಾಕಿದ?

ಅವನ ಬಲಗೈ ತಾನಾಗಿಯೇ ಗಾಳಿಯಲ್ಲಿ ಕತ್ತರಿ ಆಡಿಸಿತು. ಬೆರಳಿನ ಪಕ್ಕದಲ್ಲಲ್ಲ. ಸ್ವಲ್ಪ ಆಚೆ.

"ಅರ್ಧ ಇಂಚು!" ಎಂದು ಕೂಗಿದ.

"ಏನದು?"

"ಮಾರ್ಜಿನ್ ಬಿಟ್ಟಿದ್ದೀನಿ ಅಕ್ಕ! ಇಪ್ಪತ್ತಾರು ವರ್ಷದಿಂದ ಗುರುತಿನ ಮೇಲೇ ಕತ್ತರಿ ಹಾಕಿದ್ದೇ ಇಲ್ಲ ನಾನು. ಹೊಲಿಗೆಗೆ ಅಂತ ಅರ್ಧ ಇಂಚು ಜಾಸ್ತಿ ಬಿಟ್ಟೇ ಕತ್ತರಿಸೋದು. ದಾರಕ್ಕೂ ಹಾಗೇ ಬಿಟ್ಟಿದ್ದೀನಿ!"

"ನಕ್ಷೇಲಿ ಅರ್ಧ ಇಂಚು ಅಂದ್ರೆ?" ಎಂದ ಭಾವ.

"ನಾನೂರೈವತ್ತು ಹೆಜ್ಜೆ. ನಾವು ನಲವತ್ತೈದರಲ್ಲಿದ್ದೀವಿ. ಬಾಯಿ ಇರೋದು ನಲವತ್ತೊಂದೂವರೇಲಿ. ಮುನ್ನೂರೈವತ್ತು ಹೆಜ್ಜೆ ವಾಪಸ್ ನಡೆದ್ರೆ, ಎಡಗಡೆ."

ಭಾವ ಅಕ್ಕನ ಮುಖ ನೋಡಿದ. ಅಕ್ಕ ತಮ್ಮನ ಮುಖ ನೋಡಿದಳು.

"ಖಂಡಿತಾನಾ?" ಎಂದಳು.

ಅನುಮಾನವಿತ್ತು. ಅದು ಇಲ್ಲದ ದಿನವೇ ಅವನ ಬದುಕಿನಲ್ಲಿ ಇರಲಿಲ್ಲ. ಆದರೂ ಹೇಳಿದ: "ನನ್ನ ಕೈ ನನಗೆ ಗೊತ್ತು."

"ಹಾಗಾದ್ರೆ ಎಬ್ಬಿಸು ನನ್ನ," ಎಂದು ಅಕ್ಕ ಕೈ ಚಾಚಿದಳು.

ಪಿನ್ನುಗಳು ಎದೆಪಟ್ಟಿಯಿಂದ ದಿಂಬಿಗೆ ಮರಳತೊಡಗಿದವು. ಒಂದು. ಎರಡು. ಮೂರು. ಆಮೇಲೆ ಐವತ್ತು ಹೆಜ್ಜೆ. ಎಡಕ್ಕೆ ತಿರುಗಿದ. ಮಂಜು, ಹುಲ್ಲು. ಮತ್ತೆ ಮಂಜು. ಹತ್ತು ಹೆಜ್ಜೆ ಇಟ್ಟ. ಏನಿಲ್ಲ. ಇನ್ನೂ ಐದು. ಮೊಣಕಾಲಿಗೆ ಏನೋ ಬಲವಾಗಿ ಬಡಿಯಿತು. ಬಗ್ಗಿ ತಡವಿದರೆ ತುಕ್ಕುಹಿಡಿದ ಕಬ್ಬಿಣದ ಗೂಟ. ಇಳಿದಾರಿಯ ಬಾಯಿಯಲ್ಲಿ ನಕ್ಷೆ ತೋರಿಸಿದ್ದೇ ಅದು. ನೋವಿಗೆ ಕಣ್ಣಲ್ಲಿ ನೀರು ಬಂದರೂ ಅದನ್ನು ಎರಡು ಕೈಯಲ್ಲಿ ತಬ್ಬಿಕೊಂಡ.

"ಲೋ, ಗೂಟಕ್ಕೂ ಅಳತೆ ತಗೊಳ್ತಿದ್ದೀಯೇನೋ?" ಎಂದು ಭಾವ ನಕ್ಕಾಗ ಮೂವರ ಎದೆಯೂ ಹಗುರಾಯಿತು.

ಇಳಿಯುವುದಕ್ಕೆ ನಾಲ್ಕು ತಾಸು ಹಿಡಿಯಿತು. ಅಕ್ಕ ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿದಳು. ಕಡಿದಾದ ಕಡೆ ಕೂತು ಜಾರಿದಳು. ಅರ್ಧ ದಾರಿಯಲ್ಲಿ ಮಂಜು ಮೇಲೆ ಉಳಿದು, ಕೆಳಗೆ ಬೆಳಕು ತೆರೆಯಿತು. ಸರೋವರ ಅಲ್ಲಿತ್ತು: ಉದ್ದಕ್ಕೆ, ಬೂದು ಹಸಿರಾಗಿ, ಬೆಟ್ಟಗಳ ತೆಕ್ಕೆಯಲ್ಲಿ ಅಲ್ಲಾಡದೆ, ಆಚೆ ದಂಡೆಯ ಬಂಡೆಗಳನ್ನು ತಲೆಕೆಳಗಾಗಿ ಹೊತ್ತುಕೊಂಡು. ಒಂದು ಹಕ್ಕಿ ಹಾರಿ ನೀರಿನ ಮೇಲೆ ಗೀಟೆಳೆದು ಹೋಯಿತು.

ದಂಡೆ ಮುಟ್ಟಿದವಳೇ ಅಕ್ಕ ಬೂಟು ಕಳಚಿ, ಊದಿದ ಕಾಲನ್ನು ಮೊಣಕಾಲವರೆಗೆ ನೀರಿಗೆ ಇಳಿಬಿಟ್ಟಳು. ಬಹಳ ಹೊತ್ತು ಹಾಗೇ ಕೂತಿದ್ದಳು.

"ಮಾರ್ಚ್‌ನಲ್ಲಿ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ?" ಎಂದಳು.

"ಹೇಳಬಾರದಿತ್ತಾ ಅಕ್ಕ?"

"ಹೇಳಿದ್ರೆ ನೀನು ಮತ್ತೆ ಬೆಟ್ಟದ ಕಡೆ ತಲೆ ಹಾಕ್ತಿರಲಿಲ್ಲ." ಪಕ್ಕದ ಕಲ್ಲನ್ನು ತಟ್ಟಿದಳು. "ಬಾ, ನೀನೂ ಕಾಲಿಡು. ತಣ್ಣಗಿದೆ."

ಮೂರನೆಯ ದಿನ ಹದಿನೆಂಟು ಕಿಲೋಮೀಟರ್. ಅಕ್ಕನ ಚೀಲವನ್ನು ಗಂಡಸರಿಬ್ಬರೂ ಸರದಿಯಲ್ಲಿ ಹೊತ್ತರು. ರಸ್ತೆ ಸೇರಿದಾಗ ಬಸ್ಸು ಹೊರಡಲು ಏಳು ನಿಮಿಷ ಉಳಿದಿತ್ತು. ಕೆಸರು ಮೆತ್ತಿದ ಮೂವರನ್ನು ಕಂಡು ಡ್ರೈವರ್ ಹುಬ್ಬೇರಿಸಿದ. ಅವನು ಕೇಳುವ ಮೊದಲೇ ಭಾವ ಟೈಲರ್ ಕಡೆ ಕೈ ತೋರಿಸಿ, "ಮಂಜಲ್ಲಿ ಮೇಲಿನ ಬಯಲು ದಾಟಿಸಿದ್ದು ಇವನು. ನನ್ನ ಭಾಮೈದ," ಎಂದ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದು, ಮೊದಲು ಪಟ್ಟಿಗೆ ಎರಡು ಗುಂಡಿ ಹೊಲಿದ: ಹನ್ನೆರಡನೆಯದು, ಆಮೇಲೆ ಮೂರನೆಯದು. ದಾರ ಕತ್ತರಿಸುತ್ತಿರುವಾಗ, ಪ್ಯಾಂಟು ಹೊಲಿಯಲು ಕೊಟ್ಟಿದ್ದ ಶಾಲಾ ಮೇಷ್ಟ್ರು ಬಂದರು.

"ಮೂರು ದಿನ ಬಾಗಿಲು ಹಾಕ್ಕೊಂಡು ಎಲ್ಲಿಗ್ರೀ ಹೋಗಿದ್ರಿ? ನಾಲ್ಕು ಸಲ ಬಂದು ಹೋದೆ."

ಸ್ವಲ್ಪ ಕೆಲಸ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಟೈಲರ್ ಕತ್ತರಿ ಕೆಳಗಿಟ್ಟ.

"ಬೆಟ್ಟ ದಾಟಕ್ಕೆ ಹೋಗಿದ್ದೆ ಸಾರ್, ನಡ್ಕೊಂಡು," ಎಂದ. "ಕೂತ್ಕೊಳ್ಳಿ, ಹೇಳ್ತೀನಿ."