ಬಂದವಳಿಗೆ ಕಡುಬು ಕೊಟ್ಟವನು

ಚೀನಾದ ಉತ್ತರ ತುದಿಯ ಹಾರ್ಬಿನ್‌ನಿಂದ ಹಾರಿ ದಕ್ಷಿಣದ ಕುನ್‌ಮಿಂಗ್‌ನಲ್ಲಿ ಇಳಿದ ಹೈತಾಂಗ್‌ಳ ತಲೆ ಎಷ್ಟು ಕಾದಿತ್ತೆಂದರೆ, ಮೇಲೊಂದು ಹಂಡೆ ಇಟ್ಟಿದ್ದರೆ ಇಡೀ ವಿಮಾನ ನಿಲ್ದಾಣಕ್ಕೆ ಚಹಾ ಆಗುತ್ತಿತ್ತು! ಸುಳ್ಳು ಎನ್ನುವವರು ಹಿಮ ಸುರಿಯುವಾಗ ಒಮ್ಮೆ ಆ ದಾರಿಯಲ್ಲಿ ಹಾರಿ ನೋಡಲಿ.

ಹೊರಡುವಾಗಲೇ ತಡ. ನಡುವೆ ಯಾವುದೋ ಊರಿನಲ್ಲಿ ಇಳಿಸಿ ಅರ್ಧ ಯುಗ ಕೂರಿಸಿದರು. ಪಕ್ಕದವನ ಗೊರಕೆಗೆ ವಿಮಾನದ ರೆಕ್ಕೆಯೇ ನಡುಗಿತ್ತು.

ಆದರೂ ಅವಳ ಎದೆಯಲ್ಲಿ ಒಂದೇ ಮಾತು... ‘ಈ ಸಲ ನೋಡಿ ಹೋಗಲು ಬಂದಿಲ್ಲ. ಕೆಲಸ ಬಿಟ್ಟೇ ಬಂದಿದ್ದೇನೆ. ಅವನೊಮ್ಮೆ ಇರು ಎಂದರೆ ಸಾಕು!’

ಹೊರಬಾಗಿಲಲ್ಲಿ ಅವನು ನಿಂತಿದ್ದ. ಯುನ್‌ಪೆಂಗ್... ಕುನ್‌ಮಿಂಗ್‌ನ ಹೂವಿನ ಮಂಡಿಯ ಹುಡುಗ. ಕೈಯಲ್ಲಿ ಬಿಸಿ ಡಬ್ಬಿ.

“ತಗೋ, ಮೊದ್ಲು ತಿನ್ನು! ನಾನೇ ಮಾಡಿದ್ದು!”

ಮುಚ್ಚಳ ತೆರೆದಳು. ಹಬೆಯಾಡುವ ಕಡುಬುಗಳು!

ಹೈತಾಂಗ್‌ಳ ಜೀವ ಝಲ್ಲೆಂದಿತು. ಅವಳ ಉತ್ತರದ ನಾಡಿನಲ್ಲಿ ಬಂದವರಿಗೆ ನೂಡಲ್ಸ್, ಹೊರಟವರಿಗೆ ಕಡುಬು. ತೊಟ್ಟಿಲ ಕೂಸಿಗೂ ಗೊತ್ತು!

“ಬಾಯಿಬಿಟ್ಟು ಹೇಳೋಕೆ ಧೈರ್ಯ ಇರ್ಲಿಲ್ವಾ?”

“ಏನನ್ನ?”

“ನಾಟಕ ಆಡ್ಬೇಡ!”

ಅವಳು ಪೆಟ್ಟಿಗೆ ಎಳೆದುಕೊಂಡು ಟಿಕೆಟ್ ಕೌಂಟರಿಗೆ ನಡೆದ ರಭಸಕ್ಕೆ ಜನ ಬಿರುಗಾಳಿಯೆಂದು ದಾರಿ ಬಿಟ್ಟರು.

“ಹಾರ್ಬಿನ್‌ಗೆ ಇವತ್ತೇ ಸೀಟು ಬೇಕು!”

ಕೌಂಟರಿನ ಹುಡುಗಿ ಪರದೆ ನೋಡಿದಳು. “ಒಂದೇ ಉಳಿದಿದೆ ಮೇಡಂ.”

“ಹೈತಾಂಗ್! ಹುಚ್ಚು ಹಿಡಿದಿದ್ಯಾ? ಈಗ ತಾನೇ ಬಂದೆ!” ಯುನ್‌ಪೆಂಗ್ ಏದುಸಿರು ಬಿಡುತ್ತಾ ಓಡಿಬಂದ.

“ಕಡುಬು ಕೊಟ್ಟು ಸಾಗಹಾಕಿದವನು ನೀನು! ಅದನ್ನ ಊರು ಬಿಟ್ಟು ಹೋಗೋರಿಗೆ ಕೊಡೋದು ಅಂತ ಯಾರಿಗೆ ಗೊತ್ತಿಲ್ಲ?”

“ನಂಗೆ ಗೊತ್ತಿಲ್ಲ ಮಾರಾಯ್ತಿ! ನಾವು ದಕ್ಷಿಣದವರು ಕಣೇ! ಕಡುಬಂದ್ರೆ ನಿಮ್ಮ ಕಡೆಯವರು ಪ್ರಾಣ ಬಿಡ್ತಾರೆ ಅಂತ ಬೆಳಗ್ಗೆಯಿಂದ ಮೈತುಂಬ ಹಿಟ್ಟು ಬಳ್ಕೊಂಡು ಮಾಡಿದ್ದೀನಿ!”

ಅವಳು ಅವನನ್ನು ದಿಟ್ಟಿಸಿದಳು. ಹುಬ್ಬಿನಲ್ಲೂ ಹಿಟ್ಟು!

ನಗು ಉಕ್ಕಿ ಬಂತು... ನುಂಗಿಕೊಂಡಳು. ಅಷ್ಟಕ್ಕೇ ಸೋಲುವವಳೇ?

“ಸರಿ. ಆದ್ರೆ ಒಂದ್ಸಲಾನೂ ಇರು ಅಂದವನಲ್ಲ ನೀನು. ಪ್ರತಿ ಸಲ ಕೈ ಬೀಸಿ ಕಳಿಸ್ತೀಯ. ಯಾಕೆ?”

ಅವನ ದನಿ ಇಳಿಯಿತು. “ನಿಂಗೆ ಅಲ್ಲಿ ಕೆಲಸ, ಅಪ್ಪ, ಅಮ್ಮ ಎಲ್ಲಾ ಇದೆ. ನನ್ನ ಹತ್ರ ಗುಲಾಬಿ ಮುಳ್ಳು ಚುಚ್ಚಿದ ಈ ಕೈ ಬಿಟ್ರೆ ಏನಿದೆ? ಯಾವ ಮುಖ ಇಟ್ಕೊಂಡು ಕೇಳ್ಲಿ?”

“ಈಗ ಇರೋ ಮುಖ ಇಟ್ಕೊಂಡೇ ಕೇಳು!”

“ಮೇಡಂ, ಟಿಕೆಟ್ ಬೇಕೋ ಬೇಡ್ವೋ?” ಕೌಂಟರಿನ ಹುಡುಗಿ ಗದರಿದಳು.

ಹೈತಾಂಗ್ ಅವನನ್ನೇ ನೋಡುತ್ತಿದ್ದಳು.

“ಹೋಗ್ಬೇಡ,” ಅಂದ ಅವನು, ಕಣ್ತುಂಬಿ. “ನನ್ನ ಜೊತೆ ಇಲ್ಲೇ ಇದ್ದುಬಿಡು.”

“ಎಷ್ಟು ದಿನ?”

“ನಮ್ಮಮ್ಮ ನಿನ್ನ ಪಕ್ಷ ಸೇರಿ, ನನ್ನೇ ಮನೆಯಿಂದ ಓಡಿಸೋವರೆಗೂ.”

“ಆಮೇಲೆ?”

“ನೀನೂ ನನ್ನ ಜೊತೆ ಬಾ. ಎಲ್ಲಿಗಾದ್ರೂ ಹೋಗೋಣ.”

ಅವಳು ಅವನ ಹುಬ್ಬಿನ ಹಿಟ್ಟು ಒರೆಸಿದಳು.

“ಬರ್ತೀನಿ... ಆದ್ರೆ ರೈಲಲ್ಲಿ!”