ಕೂದಲು ಮೇಲಕ್ಕೆ ಹಾರಿದ ವಿಡಿಯೊ

ನೆಲದ ಮೇಲೆ ಬಿದ್ದಿದ್ದ ಕೂದಲು ಸರ್ರನೆ ಮೇಲಕ್ಕೆ ಹಾರಿ ಗಿರಾಕಿಯ ತಲೆಗೆ ಅಂಟಿಕೊಂಡಿತು. ಅಪ್ಪ ಕತ್ತರಿ ಆಡಿಸಿದಷ್ಟೂ ತಲೆ ಪೊದೆಯಾಗುತ್ತಾ ಹೋಯಿತು. ಕೊನೆಗೆ ಗಿರಾಕಿ ಎದ್ದು, ಹಿಮ್ಮುಖವಾಗಿ ನಡೆಯುತ್ತಾ ಸಲೂನಿನ ಬಾಗಿಲು ದಾಟಿದ.

ಅಕ್ಕನ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಪಟಪಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಐದನೇ ಕ್ಲಾಸು. ಬಾಯಿ ಮುಚ್ಚಿಕೊಂಡು ಕೂತದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಆ ಹೆಸರು.

ಶಾಲೆಯಲ್ಲಿ ಆ ವಾರ ವಿಡಿಯೊ ಎಡಿಟಿಂಗ್ ಶುರುವಾಗಿತ್ತು. ಬೇಡದ್ದನ್ನು ಕಟ್ ಮಾಡುವುದು, ಉಳಿದ ತುಂಡುಗಳನ್ನು ಟೈಮ್‌ಲೈನಿಗೆ ಎಳೆದು ಸಾಲಾಗಿ ಜೋಡಿಸುವುದು, ಕೆಳಗೆ ಹಾಡು ಹಾಕುವುದು, ಇಷ್ಟು ಕಲಿಸಿದ್ದರು. ವಿಡಿಯೊವನ್ನು ಹಿಂದಕ್ಕೆ ಓಡಿಸುವ ರಿವರ್ಸ್ ಬಟನ್ ಮಾತ್ರ ಅವಳದೇ ಸಂಶೋಧನೆ. ಅಕ್ಕ ಆ ವಿಡಿಯೊವನ್ನು ಬೀದಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಳು.

ಮರುದಿನ ಶಾಲೆಗೆ ರಜೆ. ಪಟಪಟಿ ಸಲೂನಿನಲ್ಲಿದ್ದಾಗ ಪೋಸ್ಟ್ ತಾತ ಬಂದರು. ಪೋಸ್ಟ್‌ಮನ್ ಆಗಿದ್ದು ರಿಟೈರಾದವರು. ಕಿವಿಯ ಮೇಲೆ ನಾಲ್ಕು ಕೂದಲು ಬಿಟ್ಟರೆ ತಲೆ ನುಣ್ಣಗಿತ್ತು. ಕುರ್ಚಿಯಲ್ಲಿ ಕೂತು, ಬಟ್ಟೆಯನ್ನು ತಾವೇ ಕುತ್ತಿಗೆಗೆ ಸುತ್ತಿಕೊಂಡರು.

"ಗ್ರೂಪಲ್ಲಿ ವಿಡಿಯೊ ನೋಡ್ದೆ. ನಂಗೂ ಹಾಗೇ ಕೂದಲು ಹಾಕಪ್ಪ. ಜಾಸ್ತಿ ಬೇಡ, ಮುಂದುಗಡೆ ಸ್ವಲ್ಪ."

ಅಪ್ಪ ನಕ್ಕರು. ತಾತ ನಗಲಿಲ್ಲ. ಹೊಸ ಕೂದಲೇ ಆಗಬೇಕೆಂದಿಲ್ಲ, ನೆಲದ ಮೇಲೆ ಬಿದ್ದಿರುವುದಾದರೂ ನಡೆಯುತ್ತದೆ, ಗುಂಗುರಾದರೂ ಪರವಾಗಿಲ್ಲ ಎಂದರು. ಅವರ ಅಕ್ಕ ಮೂವತ್ತೈದು ವರ್ಷದ ಮೇಲೆ ನಾಳೆ ದೂರದ ದೇಶದಿಂದ ಬರುತ್ತಿದ್ದಾರಂತೆ. ಅಕ್ಕ ಹೋಗುವಾಗ ತಾತನ ತಲೆಯಲ್ಲಿ ಟೋಪಿ ಕೂರದಷ್ಟು ಕೂದಲಿತ್ತು.

"ಸ್ಟೇಷನ್ನಲ್ಲಿ ನನ್ನ ಗುರುತು ಹಿಡೀಬೇಕಲ್ಲ ಅವಳು."

ಅಪ್ಪ ಪಟಪಟಿಯ ಮುಖ ನೋಡಿದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಲೂನಿನ ಹಿಂದೆಯೇ ಮನೆ. ಓಡಿಹೋಗಿ ಲ್ಯಾಪ್‌ಟಾಪ್ ತಂದು ತೋರಿಸಿದಳು. ಹೀಗೆ ಒತ್ತಿದರೆ ಕೂದಲು ಕೆಳಗೆ, ಹಾಗೆ ಒತ್ತಿದರೆ ಮೇಲೆ. ತಾತ ನಾಲ್ಕು ಸಲ ನೋಡಿದರು.

"ಹಿಂದಕ್ಕೆ ಓಡಿಸಿದ್ದು, ಅಷ್ಟೇನಾ?"

"ಹೂಂ ತಾತ. ತಮಾಷೆಗೆ ಮಾಡಿದ್ದು."

"ನನ್ನನ್ನ ಹಾಗೆ ಓಡಿಸೋಕೆ ಬರಲ್ವಾ?"

ಪಟಪಟಿ ಲ್ಯಾಪ್‌ಟಾಪ್ ಮುಚ್ಚಿದಳು.

ಅಪ್ಪ ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿದರು. ನೀರು ಚಿಮುಕಿಸಿದರು. ಕಿವಿಯ ಮೇಲಿನ ಕೂದಲನ್ನು ಒಂದೊಂದೇ ಎಳೆಯಾಗಿ ಕತ್ತರಿಸಿದರು. ಹುಬ್ಬು ತಿದ್ದಿದರು. ಆಮೇಲೆ ಸಣ್ಣ ಹಲ್ಲಿನ ಬಾಚಣಿಗೆ ತೆಗೆದು, ಏನೂ ಇಲ್ಲದ ನಡುನೆತ್ತಿಯನ್ನೂ ಬೈತಲೆ ತೆಗೆದು ಬಾಚಿದರು. ಬೆಂಚಿನಲ್ಲಿ ಕಾಯುತ್ತಿದ್ದವನೊಬ್ಬ ಕಿಸಕ್ಕೆಂದ. ಅಪ್ಪ ಕನ್ನಡಿಯಲ್ಲೇ ಅವನನ್ನು ನೋಡಿದರು. ಅವನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ.

ಕೆಲಸ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಕಟಿಂಗ್ ಆದ ಮೇಲೆ ಪ್ರತಿ ಗಿರಾಕಿಗೂ ತಲೆಯ ಹಿಂದೆ ಕೈಗನ್ನಡಿ ಹಿಡಿದು ತೋರಿಸುವುದು ಅಪ್ಪನ ಪದ್ಧತಿ. ಅಪ್ಪ ಕೈಚಾಚುವಷ್ಟರಲ್ಲಿ ಪಟಪಟಿ ಅದನ್ನು ಎತ್ತಿಕೊಂಡಿದ್ದಳು. ಸ್ಟೂಲ್ ಹತ್ತಿ ತಾತನ ಹಿಂದೆ ಹಿಡಿದಳು.

ನುಣ್ಣನೆಯ ತಲೆಯಲ್ಲಿ ಟ್ಯೂಬ್‌ಲೈಟ್ ಹೊಳೆಯಿತು. ತಾತ ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸಿದರು.

"ಒಂಚೂರು ಎಡಕ್ಕೆ ಹಿಡಿ, ಮಗು."

ಎಡಕ್ಕೆ ಹಿಡಿದಳು. ಅವಳಿಗೆ ನಗು ಬರಲಿಲ್ಲ.

"ಹಿಂದುಗಡೆ ಸರಿಯಾಗಿದ್ಯಾ ತಾತ?"

ತಾತ ಇನ್ನೂ ನೋಡುತ್ತಲೇ ಇದ್ದರು. ಪಟಪಟಿಯ ಕೈ ನೋಯತೊಡಗಿತು. ಅವರು ನೋಡಿ ಮುಗಿಸುವ ತನಕ ಅವಳು ಕನ್ನಡಿಯನ್ನು ಅಲುಗಾಡಿಸಲಿಲ್ಲ.