ನಿಮಿಷದ ಮುಳ್ಳು

ಪ್ರಶ್ನೆ ಮುಗಿಯುವುದರೊಳಗೆ ಯಂತ್ರ ಉತ್ತರ ಕೊಟ್ಟಿತು. ಹೋದ ವರ್ಷ, ೨೦೬೦ರ ಶ್ರಾವಣ, ಮಧ್ಯಾಹ್ನ ಮೂರು ಗಂಟೆ. ಮೊದಲ ಸಾಲು, ಅಣೆಕಟ್ಟೆಯ ಬಾಗಿಲು ಎತ್ತಿದ್ದು. ಎರಡನೆಯದು, ಸೈರನ್ ಕೂಗಿದ್ದು.

"ನೋಡಪಾ ದ್ಯಾಮಣ್ಣ, ನೀರು ಬಿಟ್ಟ ಮ್ಯಾಲೆ ಸೈರನ್ ಕೂಗಿಸೀದಿ," ಎಂದರು ವಿಚಾರಣೆಯ ಅಧಿಕಾರಿ, ಎದುರು ನಿಂತ ಅಣೆಕಟ್ಟೆಯ ಕಾವಲುಗಾರನಿಗೆ.

"ಇಲ್ರೀ ಸಾಹೇಬ್ರ. ಕೂಗಿಸಿ, ಎರಡ್ ಬೀಡಿ ಸೇದಿ, ದಂಡಿ ನೋಡಿ, ಆಮ್ಯಾಲೆ ಎತ್ತೀನ್ರಿ. ಬಂಡಿಗಲ್ಲಿನ ಹಿಂದ ನೀಲವ್ವ ಅರಿಬಿ ಒಗಿಯೋದು ಕಾಣ್ಲಿಲ್ರಿ. ಆಕಿಗೆ ಕಿವಿ ಮಂದ, ನೀರು ಎಳಕೊಂಡ್ ಹೋತ್ರಿ."

"ನಿನ್ನ ಬೀಡಿ ಏನು ಗಡಿಯಾರ ಏನಪಾ?"

ಯಂತ್ರವನ್ನು ಕಟ್ಟಿದ ಗಿರಿಜಾ ಹಂಪಿಹೊಳಿ ಪಕ್ಕದಲ್ಲೇ ಕುಳಿತು ಬೆವರುತ್ತಿದ್ದಳು. ಹೊಳೆಯ ಮೇಲೆ ನಡೆದದ್ದೆಲ್ಲ ಆ ಯಂತ್ರದಲ್ಲಿ ವೇಳೆ ಸಮೇತ ದಾಖಲಾಗುತ್ತಿತ್ತು. ಮೊದಮೊದಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೂ. ಹುಡುಕಲು ಒಂದು ಸೂಚಿ ಬೇಕು, ಪುಸ್ತಕದ ಕೊನೆಯಲ್ಲಿರುವಂಥ ಪಟ್ಟಿ. ಒಂದೊಂದು ಘಟನೆಗೂ ಒಂದೊಂದು ವೇಳೆಯಾದರೆ ಆ ಪಟ್ಟಿಯೇ ಪುಸ್ತಕದಷ್ಟು ದಪ್ಪವಾಗಿ, ಹುಡುಕಾಟ ತೆವಳುತ್ತದೆ. ಅದಕ್ಕೇ ಆರು ತಿಂಗಳು ದಾಟಿದ್ದಕ್ಕೆಲ್ಲ ಅವಳು ನಿಮಿಷ, ಸೆಕೆಂಡು ಅಳಿಸಿ ಗಂಟೆಯನ್ನಷ್ಟೇ ಉಳಿಸಿದಳು. ಸಾವಿರಾರು ಘಟನೆಗಳು ಒಂದೇ ತಲೆಬರಹದಡಿ ಸೇರಿದವು. ಸೂಚಿ ಇಪ್ಪತ್ತರಲ್ಲೊಂದು ಪಾಲಾಯಿತು, ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. "ಹರಿದುಹೋದ ನೀರಿಗೆ ನಿಮಿಷದ ಲೆಕ್ಕ ಯಾಕ್ರಿ?" ಎಂದು ಅಂದು ನಕ್ಕಿದ್ದಳು. ಆ ಕೆಲಸಕ್ಕೆ ಕೊರಳಿಗೆ ಹಾರವೂ ಬಿದ್ದಿತ್ತು.

ಒಂದೇ ಗಂಟೆಯೊಳಗಿನ ಘಟನೆಗಳನ್ನು ಯಂತ್ರ ಸಲಕರಣೆಯ ನಂಬರಿನಂತೆ ಜೋಡಿಸುತ್ತಿತ್ತು. ಬಾಗಿಲಿನದು ನಾಲ್ಕು, ಸೈರನ್ನಿನದು ಒಂಬತ್ತು. ಹಿಂದುಮುಂದಿನ ಮಾತೇ ಅಲ್ಲಿರಲಿಲ್ಲ. ಆ ಕೋಣೆಯಲ್ಲಿ ಇದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ದ್ಯಾಮಣ್ಣ ಅವಳ ಕಡೆ ತಿರುಗಿದ. "ಅಕ್ಕಾರ, ವರ್ಷಾತು, ಓಣ್ಯಾಗ ಯಾರೂ ನನ್ನ ಮಾತಾಡ್ಸವಲ್ರು. ನಿಮ್ಮ ಯಂತ್ರಕ್ಕ 'ಗೊತ್ತಿಲ್ಲ' ಅನ್ನಾಕ ಕಲಿಸಿಲ್ಲೇನ್ರಿ?"

ಗಿರಿಜಾ ಎದ್ದು ನಿಂತಳು. "ಅದಕ್ಕ ಗೊತ್ತಿಲ್ರಿ ಸಾಹೇಬ್ರ. ಗೊತ್ತಿದ್ದ ನಿಮಿಷಾನ ನಾನ ಅಳಿಸೀನಿ."

"ಬರದು ಕೊಡ್ತೀರೇನು?"

ಬರೆದು ರುಜು ಹಾಕಿದಳು. ಆರೋಪ ಬಿದ್ದುಹೋಯಿತು.

ಹೊರಗೆ ಕಟ್ಟೆಯ ಹತ್ತಿರ ದ್ಯಾಮಣ್ಣ ಕೈಮುಗಿದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಹಂಗಾರ ನಾ ಮೊದಲ ಕೂಗಿಸಿದ್ದು ಖರೆ ಅಂತ ಬರದ್ರಲ್ರಿ, ಅಕ್ಕಾರ? ನೀಲವ್ವನ ಮಗಳಿಗೆ ತೋರಸ್ತೀನಿ."

ಯಂತ್ರಕ್ಕೆ ಹಿಂದುಮುಂದು ಗೊತ್ತಿಲ್ಲ ಎಂದಷ್ಟೇ ಅವಳು ಬರೆದಿದ್ದಳು. ಮೊದಲು ಕೂಗಿದ್ದು ಸೈರನ್ನೇ ಎಂದು ಬರೆಯಲು ಇನ್ನು ಯಾರಿಂದಲೂ ಆಗುವಂತಿರಲಿಲ್ಲ.

ಇದೆಲ್ಲ ನಡೆಯಲು ಇನ್ನೂ ಮೂವತ್ತು ಚಿಲ್ಲರೆ ವರ್ಷಗಳಿವೆ. ಸದ್ಯಕ್ಕೆ ನಮ್ಮ ಗೋಡೆಯ ಗಡಿಯಾರದಲ್ಲಿ ನಿಮಿಷದ ಮುಳ್ಳು ಇದೆ, ತಿರುಗುತ್ತಲೂ ಇದೆ.